ಬಚ್ಚಲಿನ ವಾಟ

ಗೇಟಿನ ಚಿಲಕ ತಾನೇ ತೆಗೆದು ಒಳಗೆ ಹೋಗುವುದೋ, ಇಲ್ಲ ಹೊರಗೆ ನಿಂತು ಯಾರನ್ನಾದರೂ ಕೂಗುವುದೋ, ಇಷ್ಟು ಸಣ್ಣ ವಿಷಯಕ್ಕೆ ಮೇಸ್ತ್ರಿ ಐದು ನಿಮಿಷದಿಂದ ರಸ್ತೆಯ ಈಚೆ ಬದಿಯಲ್ಲೇ ನಿಂತಿದ್ದ. ನಿನ್ನೆ ಮಧ್ಯಾಹ್ನ ಕಚೇರಿಯಲ್ಲಿ ಹದಿನಾಲ್ಕು ಕಡೆ ಸಹಿ ಹಾಕಿ ಎದ್ದಾಗಿನಿಂದ ಆ ಗೇಟು ಅವನದು. ಅದರ ಒಳಗಿನ ನಾಲ್ಕು ಮನೆ, ಕೆಳಗೆರಡು ಮೇಲೆರಡು, ಅವೂ ಅವನವೇ. ಮನೆಗಳ ಒಳಗಿನ ಸಂಸಾರಗಳು ಮಾತ್ರ ಮೊದಲಿಂದಲೂ ಅಲ್ಲೇ ಇದ್ದವು. ಮಾರಿದವರು ಅವರನ್ನು ಕೇಳಿ ಮಾರಿದ್ದಲ್ಲ, ಇವನೂ ಕೇಳಿ ಕೊಂಡಿದ್ದಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊಸ ಮಾಲೀಕ ಬಂದು ಬಾಗಿಲು ತಟ್ಟಿದರೆ ಒಳಗಿದ್ದವರಿಗೆ ಏನನ್ನಿಸಬಹುದು ಎಂದು ಯೋಚಿಸಿದ. ಏನನ್ನಿಸುತ್ತೆ, ಬಾಡಿಗೆ ಇಸಿದುಕೊಳ್ಳುವ ಕೈ ಬದಲಾಯಿತು ಅನ್ನಿಸುತ್ತೆ, ಅಷ್ಟೇ ತಾನೆ ಎಂದು ತನಗೆ ತಾನೇ ಉತ್ತರ ಕೊಟ್ಟುಕೊಂಡ. ಅಧೈರ್ಯ ಎಂಬುದು ಅವನ ಹತ್ತಿರ ಸುಳಿದದ್ದೇ ಇಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಊರಿನ ಅರ್ಧ ಜನ ಅವನು ಹಾಸಿದ ಟೈಲ್ಸಿನ ಮೇಲೆ ಓಡಾಡುತ್ತಿದ್ದಾರೆ, ಉಳಿದರ್ಧಕ್ಕೆ ಆ ಯೋಗ ಇನ್ನೂ ಬಂದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಹೇಳಿ ಜೋರಾಗಿ ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು, ಯಾಕೆಂದರೆ ಮಾತು ಅರ್ಧಕ್ಕಿಂತ ಹೆಚ್ಚು ನಿಜವಾಗಿತ್ತು.

ಬಾಡಿಗೆಗೆ ಕೊಡುವ ಕಟ್ಟಡ ಕೊಂಡದ್ದು ಜನ್ಮದಲ್ಲಿ ಇದೇ ಮೊದಲು, ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವೂ ಇತ್ತು. ಇಪ್ಪತ್ತು ವರ್ಷದ ಹಿಂದೆ ಇದರ ನಾಲ್ಕೂ ಮನೆಗೆ ನೆಲ ಹಾಕಿದವನು ಅವನು. ಬೇರೆಯವರಾದರೆ ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಅವನಿಗೆ ಅಂಥ ದರ್ದೇ ಇರಲಿಲ್ಲ. “ನಾನೇ ಹೆತ್ತ ಮಗು ಇದ್ದಂಗೆ ಕಣೇ, ಎಲ್ಲಿ ಮಚ್ಚೆ ಇದೆ ಅಂತ ನಂಗೊತ್ತಿರಲ್ವಾ,” ಎಂದಿದ್ದ ಹೆಂಡತಿಯ ಹತ್ತಿರ. ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತದೆ, “ಹೆತ್ತವರಿಗೆ ಗೊತ್ತಿರುತ್ತೆ. ನೀವು ಹೆತ್ತಿಲ್ಲ, ಹಾಸಿ ಬಂದಿದ್ದೀರಿ,” ಎಂದಿದ್ದಳು. ಅವಳ ಮಾತೇ ಹಾಗೆ, ಹೊಲಿದು ದಾರ ಕಡಿದಷ್ಟು ಚುಟುಕು. ಕೊಳ್ಳುವ ಮುಂಚೆ ಹಳೆಯ ಮಾಲೀಕರು ಮೂರು ಮನೆ ತೋರಿಸಿದರು. ನಾಲ್ಕನೆಯದಕ್ಕೆ, ಕೆಳಗಿನ ಹಿಂಬದಿಯದಕ್ಕೆ, ಬೀಗ ಹಾಕಿತ್ತು. ಅಲ್ಲಿರುವ ನರ್ಸು ತಮ್ಮ ಅಕ್ಕನನ್ನು ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗಿದ್ದರು. ಇನ್ನೊಂದು ದಿನ ಬನ್ನಿ ಎಂದರು ಹಳೆಯವರು. “ನೋಡೋದೇನಿದೆ ಬಿಡಿ, ನನಗೆ ಗೊತ್ತಿರೋದೇ,” ಎಂದ ಮೇಸ್ತ್ರಿ, ಎಂದಾಗ ಎದೆಯಲ್ಲಿ ಏನೋ ಹಗುರವಾಯಿತು. ಯಾಕೆ ಹಗುರವಾಯಿತು ಎಂದು ಕೇಳಿಕೊಳ್ಳಲು ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಬ್ರೋಕರ್ ಫೋನ್ ಮಾಡಿದ್ದ. “ಮೇಸ್ತ್ರಿಗಳೇ, ನಿಮ್ಮ ನಸೀಬು ನೋಡಿ! ಹಿಂಬದಿ ಮನೆ ಸಿಸ್ಟರ್ ತಾವಾಗೇ ಖಾಲಿ ಮಾಡ್ತಾರಂತೆ. ಇಪ್ಪತ್ತು ವರ್ಷದ ಹಳೇ ಗಿರಾಕಿ, ಹಳೇ ಬಾಡಿಗೆ. ನೀವಾಗಿ ಎಬ್ಬಿಸೋಕೆ ಹೋಗಿದ್ರೆ ತಲೇಲಿರೋ ನಾಲ್ಕು ಕರೀ ಕೂದಲೂ ಬೆಳ್ಳಗಾಗ್ತಿದ್ವು. ಹೋಗಿ ಹ್ಞೂಂ ಅಂದು ಬಂದ್ಬಿಡಿ ಸಾಕು, ಡಬಲ್ ಬಾಡಿಗೆಗೆ ಹೊಸಬರನ್ನ ನಾನು ತರ್ತೀನಿ.” ಯಾಕಂತೆ ಖಾಲಿ ಮಾಡೋದು ಎಂದು ಮೇಸ್ತ್ರಿ ನೊರೆ ಬಾಯಲ್ಲೇ ಕೇಳಿದ. “ಬಚ್ಚಲಲ್ಲಿ ನೀರು ನಿಲ್ಲುತ್ತಂತೆ. ಅವರಕ್ಕ ಎರಡು ಸಲ ಜಾರಿ ಬಿದ್ರಂತೆ. ವಯಸ್ಸಾದೋರು ಬೀಳದೆ ಇನ್ನೇನು ಮಾಡ್ತಾರೆ, ನೀವು ತಲೆ ಕೆಡಿಸ್ಕೋಬೇಡಿ.” ಮೇಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ. ಬಾಯಿ ಮುಕ್ಕಳಿಸಿದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಬಂದ. ಬಂದು ಇಲ್ಲಿ ನಿಂತಿದ್ದಾನೆ. ಥೂ, ನನ್ನ ಗೇಟಿಗೆ ನಾನೇ ಹೆದರೋದಾ ಎಂದುಕೊಂಡು ರಸ್ತೆ ದಾಟಿ ಚಿಲಕ ತೆಗೆದ.

ಮೊದಲು ಮೇಲೆ ಹೋದ. ನೆಲ ತೊಳೆಯುವುದು ಮೇಲಿನಿಂದ ಕೆಳಕ್ಕೆ, ಇದೂ ಹಾಗೇ ಆಗಲಿ ಎಂದು. ಮೆಟ್ಟಿಲು ಮುಗಿದಲ್ಲಿ ಒಂದು ಟೈಲು ಸಡಿಲವಾದ ಹಾಗೆ ಕಂಡಿತು. ಯೋಚಿಸುವ ಮೊದಲೇ ಮಂಡಿಯೂರಿ ಕೂತು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಒಳಗೆ ಪೊಳ್ಳಿದ್ದರೆ ಡಬ ಡಬ ಅನ್ನುತ್ತೆ. ಬಾಗಿಲು ತೆರೆದು ವ್ಯಾನ್ ಡ್ರೈವರನ ಹೆಂಡತಿ ಇಣುಕಿ, “ಟೈಲ್ಸ್ ಕೆಲಸಕ್ಕೆ ಬಂದಿದ್ದೀರಾ? ನಾವ್ಯಾರೂ ಕರೆದಿಲ್ಲ. ಮಾಲೀಕರನ್ನ ಕೇಳ್ಕೊಂಡು ಬನ್ನಿ,” ಎಂದಳು. ಮಂಡಿಯೂರಿದವನು ತಲೆಯೆತ್ತಿ “ನಾನೇ ಮಾಲೀಕ,” ಎಂದ. ಆ ಮಾತನ್ನು ಜೀವನದಲ್ಲಿ ಮೊದಲ ಸಲ ಹೇಳುವಾಗ ನೆಲದ ಮೇಲೆ ಕೂತಿರುತ್ತೇನೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆಕೆ ಅವನ ಮಂಡಿಯನ್ನು ನೋಡಿದಳು, ಅಂಗಿಯನ್ನು ನೋಡಿದಳು, ಯಾವುದನ್ನು ನಂಬುವುದೆಂದು ತಿಳಿಯದೆ ಗಂಡನನ್ನು ಕರೆದಳು. ಗಂಡ ಬನಿಯನ್ನಿನಲ್ಲೇ ಓಡಿಬಂದು ಕುರ್ಚಿ ಎಳೆದು ಹಾಕಿ, ಪೀಠಿಕೆ ಗೀಠಿಕೆ ಇಲ್ಲದೆ, “ಬಾಡಿಗೆ ಜಾಸ್ತಿ ಮಾಡ್ತೀರಾ ಸರ್?” ಎಂದು ಕೇಳಿಬಿಟ್ಟ. “ಈ ವರ್ಷ ಇಲ್ಲಪ್ಪಾ,” ಎಂದ ಮೇಸ್ತ್ರಿ. ಸರ್ ಎನ್ನಿಸಿಕೊಂಡ ಕಿವಿ ಬಿಸಿಯಾಗಿತ್ತು, ಉತ್ತರ ಅದರ ಬಿಸಿಯಲ್ಲಿ ಹೊರಬಿದ್ದಿತ್ತು. ಎದುರು ಮನೆಯ ಫೋಟೋ ಸ್ಟುಡಿಯೋದವನು ನೆಲ ತೋರಿಸಿ, “ಒಂದು ಬಿರುಕಿಲ್ಲ ನೋಡಿ ಇಷ್ಟು ವರ್ಷಕ್ಕೆ,” ಎಂದ. ಕೆಳಗೆ ಮುಂಬದಿಯ ಮನೆಯ ಗಡಿಯಾರ ರಿಪೇರಿಯವರು, ಊರಿಗೆಲ್ಲ ತಪ್ಪು ಹಿಡಿಯುವುದೇ ಕಸುಬಾದವರು, ಅವರೂ, “ಯಾರೋ ಕೆಲಸ ಬಲ್ಲವನ ಕೈ,” ಎಂದರು. ಆ ಕೈ ಇದೇ ಎಂದು ಎರಡೂ ಮನೆಯಲ್ಲಿ ಮೇಸ್ತ್ರಿ ಕೈಯೆತ್ತಿ ತೋರಿಸಿ ಬಂದ. ಬರುವಾಗ ಎದೆ ಒಂದು ಇಂಚು ಮುಂದಕ್ಕೆ ಬಂದಿತ್ತು.

ಹಿಂಬದಿಗೆ ಹೋಗಲು ಕಾಂಪೌಂಡಿಗೂ ಗೋಡೆಗೂ ನಡುವೆ ಒಬ್ಬರೇ ಹೋಗುವಷ್ಟು ಜಾಗ. ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಮರಳು ಹಾಕಿದ್ದರು. ಮರಳು ಒದ್ದೆಯಾಗಿತ್ತು, ಅವನಿಗೆ ಮೂವತ್ತೆರಡು ವರ್ಷ, ನಾಲ್ಕನೆಯ ಬಚ್ಚಲು ಕೊನೆಯದು. ಬಚ್ಚಲಿನ ನೆಲ ಹಾಕುವವನಿಗೆ ಇರುವುದು ಒಂದೇ ಪರೀಕ್ಷೆ, ವಾಟ. ಎಲ್ಲಿ ಸುರಿದರೂ ನೀರು ಮೂಲೆಯ ಕಿಂಡಿಗೇ ಹೋಗುವಂತೆ ನೆಲಕ್ಕೆ ಕೊಡುವ ಇಳಿಜಾರು. ಅದು ಕಣ್ಣಿಗೆ ಕಾಣಬಾರದು, ಕಾಲಿಗೆ ತಿಳಿಯಬಾರದು, ನೀರಿಗೆ ಮಾತ್ರ ಗೊತ್ತಿರಬೇಕು. ಬೇರೆಯವರು ದಾರ ಕಟ್ಟಿ, ಮಟ್ಟ ಹಿಡಿದು, ಎರಡೆರಡು ಸಲ ಅಳೆಯುತ್ತಿದ್ದರು. ಅವನು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುತ್ತಿದ್ದ, ಅಷ್ಟೇ. ಜೊತೆಯವರೆಲ್ಲ ಕೆಲಸ ನಿಲ್ಲಿಸಿ ಅವನು ಹಾಗೆ ನೋಡುವುದನ್ನೇ ನೋಡುತ್ತಿದ್ದರು. ಮಾರನೆಯ ದಿನ ಸಿಮೆಂಟು ಗಟ್ಟಿಯಾದ ಮೇಲೆ ಒಬ್ಬನೇ ಬಂದು ಒಂದು ಮಗ್ಗು ನೀರು ಸುರಿದ. ನೀರು ಕಿಂಡಿಯ ಕಡೆ ಎರಡು ಗೇಣು ಹೋಗಿ, ಏನೋ ಮರೆತವರ ಹಾಗೆ ನಿಂತು, ತಿರುಗಿ ಬಾಗಿಲ ಬಳಿ ಬಂದು ಕೂತಿತು. ಒಡೆದು ಹಾಕಬೇಕಿತ್ತು. ಒಡೆಯುವ ಸದ್ದು ಕೇಳಿದರೆ ಆ ಜೊತೆಯವರು ಏನಂದಾರು? ಕಣ್ಣು ಮೋಸ ಮಾಡ್ತಾ ಅಂದಾರು. ಹನ್ನೊಂದು ಗಂಟೆಗೆ ಮಾಲೀಕರು ಬಂದರು. ಅವನು ಹೊಸ್ತಿಲಲ್ಲಿ ನಿಂತು, ತುಂಬಿದ ಬಕೆಟ್ಟು ಎತ್ತಿ, ಮಣಿಕಟ್ಟು ತಿರುವಿ ನೀರನ್ನು ಕಿಂಡಿಯ ಕಡೆಗೇ ರಭಸದಿಂದ ಎರಚಿದ. ಬುರ್ರನೆ ಓಡಿ ಮಾಯವಾಯಿತು. ಉಳಿದದ್ದು ಸಾವಕಾಶವಾಗಿ ವಾಪಸು ಬರುವಷ್ಟರಲ್ಲಿ ಮಾಲೀಕರನ್ನು ಮಾತಾಡಿಸುತ್ತ ಹೊರಗೆ ಕರೆತಂದಿದ್ದ. “ಭೇಷ್,” ಎಂದಿದ್ದರು ಅವರು. ಅದನ್ನು ಮರೆತಿದ್ದ ಎಂದರೆ ಸುಳ್ಳಾಗುತ್ತದೆ. ನೆನಪಾಗದ ಹಾಗೆ ನೋಡಿಕೊಂಡಿದ್ದ.

ಬಾಗಿಲು ತೆಗೆದ ಸಿಸ್ಟರ್ ಐವತ್ತೈದರ ಆಸುಪಾಸಿನವರು, ಗಟ್ಟಿ ಆಳು. ಒದ್ದೆ ಕೈಯಲ್ಲಿ ನೀರು ತಳ್ಳುವ ವೈಪರು ಇತ್ತು. “ಹೊಸ ಓನರ್ರಾ? ಬನ್ನಿ ಬನ್ನಿ,” ಎಂದು ವೈಪರಿನಿಂದಲೇ ದಾರಿ ತೋರಿಸಿದರು. ಒಳಗೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವರ ಅಕ್ಕ, ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಮೂವತ್ಮೂರು ವರ್ಷ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು, ಈಗ ಕಣ್ಣು ಮಂಜು, ಕಿವಿ ಮಾತ್ರ ಸೂಜಿ ಬಿದ್ದರೂ ಯಾವ ಕೋಣೆಯಲ್ಲಿ ಅಂತ ಹೇಳುತ್ತೆ ಎಂದು ತಂಗಿ ಪರಿಚಯ ಮಾಡಿಸಿದರು. “ತಿಂಗಳ ಕೊನೆಗೆ ಬಿಡ್ತೀವಿ. ಬ್ರೋಕರ್ ಹೇಳಿರಬೇಕಲ್ಲ?”

“ಹೇಳಿದ್ರು,” ಎಂದ ಮೇಸ್ತ್ರಿ. ಆಗಲಿ ಎಂದಿದ್ದರೆ ಮುಗಿದೇಹೋಗುತ್ತಿತ್ತು. ಬಾಯಿಗೆ ಬಂದದ್ದು ಬೇರೆ. “ಬೇರೆ ಮನೆ ಸಿಕ್ತಾ ಸಿಸ್ಟರ್?”

“ಸಿಕ್ಕಿದೆ. ಮೂರನೇ ಮಹಡಿ. ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸ್ಬೇಕು.”

“ನಾನು ಮೂರನೇ ಮಹಡಿ ಒಂದು ಸಲ ಹತ್ತಿದ್ರೆ ಆಯ್ತು,” ಎಂದರು ಅಕ್ಕ. “ಇಳಿಯೋದು ನಾಲ್ಕು ಜನರ ಹೆಗಲ ಮೇಲೇನೆ.”

“ಅಕ್ಕಾ, ಸುಮ್ನಿರ್ತೀಯಾ? ಹೋಗೋಕೆ ನಮಗೇನು ಎಳ್ಳಷ್ಟೂ ಮನಸ್ಸಿಲ್ಲ ಇವರೇ. ನಾವು ಸಾಯೋವರೆಗೂ ಇಲ್ಲೇ ಅಂದ್ಕೊಂಡಿದ್ವಿ. ಆದ್ರೆ ಆ ಬಚ್ಚಲು! ಅದ್ಯಾವ ಮಹಾರಾಯ ನೆಲ ಹಾಕಿದ್ನೋ. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ದೇವರಿಗಿಂತ ಮೊದಲು ಅವನನ್ನೇ ನೆನೆಸ್ಕೋತೀನಿ.”

“ಬೈದ್ಕೊಂಡಾ?” ಎಂದ ಮೇಸ್ತ್ರಿ.

“ಮತ್ತಿನ್ನೇನು, ಹಾರ ಹಾಕಿಯಾ?”

ಮೇಸ್ತ್ರಿ ನಗಲು ಹೋದ. ನಗು ಅರ್ಧಕ್ಕೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಹಳೇ ಓನರಿಗೆ ಹೇಳಲಿಲ್ವಾ ಎಂದು ಕೇಳಿದ. “ಹೇಳದೆ ಇರ್ತೀನಾ? ಬಂದು ನೋಡಿದ್ರು. ಕೆಲಸದವನು ನನ್ನ ಎದುರಿಗೇ ನೀರು ಹಾಕಿ ತೋರಿಸಿದ್ದಾನೆ, ಬುರ್ರಂತ ಹೋಗಿದ್ದು ಕಣ್ಣಾರೆ ಕಂಡಿದ್ದೀನಿ, ನೀವೇ ಸಿಕ್ಕಾಪಟ್ಟೆ ನೀರು ಚೆಲ್ತೀರಿ ಅಂದ್ರು. ಅದಾದ ಮೇಲೆ ನಾನು ಆ ಸುದ್ದಿ ಎತ್ತಲಿಲ್ಲ.” ಹೇಳುತ್ತ ಹೇಳುತ್ತ ಸಿಸ್ಟರ್ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿಕೊಂಡರು. ನೀವೇ ಒಂದ್ಸಲ ನೋಡಿ, ಮುಂದೆ ಬರೋರಿಗಾದರೂ ಸರಿ ಮಾಡಿಸಿ ಎಂದು ಬಚ್ಚಲಿನ ಬಾಗಿಲು ತಳ್ಳಿದರು.

ಬಾಗಿಲಿನ ಕೆಳಗಂಚು ನೀರು ಕುಡಿದು ಕೊಳೆತು, ಅದಕ್ಕೆ ತಗಡು ಹೊಡೆದಿತ್ತು. ಗೋಡೆಯ ಎರಡು ಮೊಳೆಗೆ ಹಗ್ಗ ಕಟ್ಟಿತ್ತು, ಅಕ್ಕ ಹಿಡಿದುಕೊಂಡು ನಡೆಯಲು. ನಡುವೆ ಒಂದು ಹಲಗೆಯ ಸ್ಟೂಲು, ಒಂದು ಕಾಲಿನ ಕೆಳಗೆ ಮಡಿಸಿದ ರಬ್ಬರು. ಇಷ್ಟೆಲ್ಲದರ ಅಡಿಯಲ್ಲಿ ಅವನ ಟೈಲ್ಸು, ಗೆರೆಗೆ ಗೆರೆ ಕೂಡಿದ್ದು, ಇಪ್ಪತ್ತು ವರ್ಷಕ್ಕೂ ಒಂದು ಮೂಲೆ ಎದ್ದಿಲ್ಲ. ಎಷ್ಟು ಚೆನ್ನಾಗಿ ಹಾಸಿದ್ದೀನಿ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ಹೊಸ್ತಿಲಲ್ಲಿ ನಿಂತು ಮಗ್ಗಿನಲ್ಲಿ ನೀರು ತುಂಬಿಕೊಂಡ. ಸುರಿಯಬೇಕು ಎಂದೇ ಇದ್ದದ್ದು. ಕೈ ಕೇಳಲಿಲ್ಲ. ಮಣಿಕಟ್ಟು ತಾನಾಗಿಯೇ ತಿರುಗಿ ನೀರನ್ನು ಕಿಂಡಿಯ ಕಡೆಗೆ ಎರಚಿಬಿಟ್ಟಿತು, ನೀರು ಬುರ್ರನೆ ಓಡಿತು. “ಹೋಗ್ತಿದೆಯಲ್ಲ ಸಿಸ್ಟರ್,” ಎಂದ. ಆ ಮಾತನ್ನು ಹೇಳಿದವನು ಮೂವತ್ತೆರಡು ವರ್ಷದವನು, ಒದ್ದೆ ಮರಳಿನ ವಾಸನೆ ಅವನ ಮೈಯಿಂದ ಇನ್ನೂ ಹೋಗಿರಲಿಲ್ಲ. ಸಿಸ್ಟರ್ ಮುಖ ಒಂದು ಸಲ ಕಪ್ಪಿಟ್ಟಿತು. ಹಿಂದೆಯೂ ಒಬ್ಬರು ಹೀಗೇ ಹೇಳಿದ್ದರು.

ಕೋಣೆಯಿಂದ ಅಕ್ಕನ ದನಿ ಬಂತು. “ಇನ್ನೊಂದು ಮಗ್ಗು ಹಾಕಪ್ಪಾ. ನಿಧಾನಕ್ಕೆ. ಸ್ನಾನ ಮಾಡೋರು ನೀರು ಎರಚಲ್ಲ, ಸುರ್ಕೊಳ್ತಾರೆ.”

ಅಲ್ಲಿ ಕೂತವರಿಗೆ ಬಚ್ಚಲು ಕಾಣುತ್ತಿರಲಿಲ್ಲ. ಮೇಸ್ತ್ರಿ ಇನ್ನೊಂದು ಮಗ್ಗು ತುಂಬಿ, ಸ್ಟೂಲಿನ ಪಕ್ಕ ಬಗ್ಗಿ, ಮೆಲ್ಲಗೆ ಸುರಿದ. ನೀರು ಹರಡಿಕೊಂಡು ಸ್ವಲ್ಪ ಯೋಚಿಸಿತು, ಆಮೇಲೆ ಬಳಸಿಕೊಂಡು ಬಂದು ಅವನ ಕಾಲ್ಬೆರಳು ಮುಟ್ಟಿತು. ತಣ್ಣಗಿತ್ತು. ಅದು ಪಾದದ ಸುತ್ತ ಕೂಡುವಷ್ಟು ಹೊತ್ತು ಅವನಿಗೆ ಎಲ್ಲ ಲೆಕ್ಕವೂ ಬಂದು ಹೋಯಿತು. ಈಗ ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಿಂಗಳ ಕೊನೆಗೆ ಇವರು ಹೋಗುತ್ತಾರೆ, ಆಮೇಲೆ ಬಾಗಿಲು ಹಾಕಿಕೊಂಡು ಒಡೆದು ಹೊಸದಾಗಿ ಹಾಕಿದರೆ ಅವನ ಹೆಸರಿಗೆ ಹತ್ತಿದ ಒಂದೇ ಒಂದು ಕಲೆಯೂ ಅಳಿಸಿತು, ಬಾಡಿಗೆಯೂ ಎರಡರಷ್ಟಾಯಿತು; ಸೋಪಿನಿಂದಲೂ ಜನ ಜಾರುತ್ತಾರೆ, ವಯಸ್ಸಾದವರು ಎಲ್ಲಿದ್ದರೂ ಬೀಳುತ್ತಾರೆ, ತಾನಾಗಿ ಯಾರನ್ನೂ ಎಬ್ಬಿಸಿದ್ದಲ್ಲ. ಎಲ್ಲವೂ ಸರಿಯಾಗಿಯೇ ಕೂತಿತ್ತು, ಗೆರೆಗೆ ಗೆರೆ. ಹಲಗೆಯ ಮೇಲೆ ಕೂತು, ಹಗ್ಗ ಹಿಡಿದು, ಕಾಣದ ಕಣ್ಣಿನಿಂದ ನೀರಿನ ಸದ್ದು ಕೇಳುತ್ತ ಸ್ನಾನ ಮಾಡುವ ಆ ಮುದುಕಿಯನ್ನು ಎಲ್ಲಿ ಹಾಸುವುದೆಂದು ಮಾತ್ರ ಗೊತ್ತಾಗಲಿಲ್ಲ. ಹೇಳಬೇಕೆಂದು ನಿರ್ಧಾರ ಮಾಡಿದ್ದೂ ನೆನಪಿಲ್ಲ ಅವನಿಗೆ.

“ಈ ನೆಲ ಹಾಕಿದ್ದು ನಾನೇ ಸಿಸ್ಟರ್,” ಎಂದ.

“ಏನು?”

“ಆ ಮಹಾರಾಯ ನಾನೇ. ತಪ್ಪಿದೆ ಅಂತ ಆವತ್ತೇ ಗೊತ್ತಿತ್ತು. ಈಗ ಎರಚಿದೆನಲ್ಲ, ಹೀಗೇ ಎರಚಿ ತೋರಿಸಿ ಹೋದೆ.”

ಸಿಸ್ಟರ್ ಅವನನ್ನು ನೋಡಿದರು. ಇಪ್ಪತ್ತು ವರ್ಷದ ಬೈಗುಳವೆಲ್ಲ ಒಟ್ಟಿಗೇ ಬರಬಹುದೆಂದು ಮೇಸ್ತ್ರಿ ಕಾದ. ಅವರು ವೈಪರನ್ನು ಅವನ ಕೈಗೆ ಕೊಟ್ಟು, “ತಳ್ಳಿ,” ಎಂದರು. ಅವನು ತಳ್ಳಿದ. ನೀರು ಕಿಂಡಿಯ ಮುಂದಿನ ಏರನ್ನು ಹತ್ತಿ, ಅರ್ಧ ಹೋಗಿ ಅರ್ಧ ವಾಪಸು ಬಂತು. ಮತ್ತೆ ತಳ್ಳಿದ. ಮತ್ತೆ ಬಂತು. ಐದನೆಯ ಸಲಕ್ಕೆ ಸೊಂಟದಲ್ಲಿ ಚಳಕು ಹೊಡೆಯಿತು, ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. “ಎರಡನೇ ಸಲ ಬಿದ್ದಾಗ ನಾನು ಡ್ಯೂಟಿಲಿದ್ದೆ,” ಎಂದರು ಸಿಸ್ಟರ್, ಅವನ ಬೆನ್ನಿಗೆ. “ನಾನು ಬರೋವರೆಗೂ ಅಕ್ಕ ಆ ನೀರಲ್ಲೇ ಕೂತಿದ್ಲು. ಒಂದು ಮಾತು ಆವತ್ತೇ ಹೇಳಿದ್ರೆ ಏನ್ರೀ ಗಂಟು ಹೋಗ್ತಿತ್ತು ನಿಮ್ದು?” ಅವನಿಗೆ ಅಳು ಬರುವ ಹಾಗಾಯಿತು. ಐವತ್ತೆರಡು ವರ್ಷದ ಗಂಡಸು, ನಾಲ್ಕು ಮನೆಯ ಒಡೆಯ, ಬಾಡಿಗೆದಾರರ ಬಚ್ಚಲಲ್ಲಿ ವೈಪರು ಹಿಡಿದು ಅಳುವುದು ಹೇಗೆ? “ತಪ್ಪಾಯ್ತು,” ಎಂದ. ಅಷ್ಟೇ ಸಿಕ್ಕಿತು.

“ಮೂವತ್ಮೂರು ವರ್ಷ ಜನ ಫೋನಲ್ಲಿ ಸುಳ್ಳು ಹೇಳೋದು ಕೇಳಿದ್ದೀನಿ,” ಎಂದರು ಒಳಗಿನಿಂದ ಅಕ್ಕ. “ನೀರಲ್ಲಿ ಹೇಳಿದವನು ನೀನೇ ಮೊದಲನೆಯವನು ಕಣಪ್ಪಾ. ಅದಿರಲಿ, ಸರಿ ಮಾಡೋಕಾಗುತ್ತೋ ಇಲ್ವೋ?”

ಕೆಲಸದ ಮಾತು ಬಂದದ್ದೇ ಮೇಸ್ತ್ರಿಗೆ ಉಸಿರು ಬಂತು. “ಯಾಕಾಗಲ್ಲಮ್ಮ? ಐದು ದಿನ. ನಾಳೇನೇ ಒಡೀತೀನಿ. ನಾನೇ ಕೂತು ಹಾಕ್ತೀನಿ, ಬೇರೆಯವರ ಕೈಗೆ ಕೊಡಲ್ಲ, ಅಳೆದೇ ಹಾಕ್ತೀನಿ. ನೀವು ಎಲ್ಲಿಗೂ ಹೋಗ್ಬೇಡಿ. ಬಾಡಿಗೆ ಈಗೇನಿದೆಯೋ ಅದೇ ಇರಲಿ.” ಹೇಳಿ ಮುಗಿಸಿದ ಮೇಲೆ ಬ್ರೋಕರನ ಮುಖ ಕಣ್ಣ ಮುಂದೆ ಬಂತು. ಬಂದರೆ ಬರಲಿ ಎಂದುಕೊಂಡ.

“ಐದು ದಿನ ಇವಳ ಸ್ನಾನ ಎಲ್ಲಿ?” ಸಿಸ್ಟರ್ ಇನ್ನೂ ಸೋತಿರಲಿಲ್ಲ. “ಮೇಲಿನ ಮನೆಗೆ ಹತ್ತಿಸೋಕಾಗಲ್ಲ. ಗಡಿಯಾರದವರ ಬಚ್ಚಲಲ್ಲಿ ಸ್ಟೂಲು ಹಿಡಿಸಲ್ಲ.”

“ನಮ್ಮನೆಲಿ. ಎರಡೇ ರಸ್ತೆ ಆಚೆ. ಒಂದು ಮೆಟ್ಟಿಲೂ ಇಲ್ಲ. ನಾನೇ ಕರ್ಕೊಂಡು ಹೋಗಿ ಬಿಡ್ತೀನಿ.”

“ಮನೆಯವರನ್ನ ಕೇಳದೇನೇ?”

“ಅವಳೇನಂತಾಳೆ,” ಎಂದು ಮೇಸ್ತ್ರಿ ಧಾರಾಳವಾಗಿ ನಕ್ಕು, ಅಂಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದ. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು. “ಕೇಳಿಲ್ಲಿ. ಹಿಂಬದಿ ಮನೆ ಅಮ್ಮ ನಾಳೆಯಿಂದ ಐದು ದಿನ ನಮ್ಮನೆಗೆ ಸ್ನಾನಕ್ಕೆ ಬರ್ತಾರೆ.”

“ಬರಲಿ. ಅವರ ಬಚ್ಚಲಿಗೇನಾಗಿದೆ?”

ಇಬ್ಬರು ಹೊರಗಿನವರಿಗೆ ಹೇಳಿದ್ದಾಗಿತ್ತು, ಇದು ಬೇರೆ. ಮದುವೆಯಾಗಿ ಇಪ್ಪತ್ತಾರು ವರ್ಷ ಈ ಒಂದು ಕಿವಿಗೆ ಅವನು ತನ್ನ ಕೆಲಸದ ಹೊಗಳಿಕೆಯನ್ನಲ್ಲದೆ ಇನ್ನೇನನ್ನೂ ಹಾಕಿರಲಿಲ್ಲ. “ನಾನು ಹಾಕಿದ ನೆಲ,” ಎಂದ. ನಿಂತ. “ವಾಟ ತಪ್ಪಿದೆ. ಕಿಂಡಿಗೆ ಹೋಗೋ ಬದಲು ನೀರು ಬಾಗಿಲಿಗೆ ಬರುತ್ತೆ.”

ಯಂತ್ರದ ಸದ್ದು ನಿಂತಿತು. “ಓ,” ಎಂದಳು ಅವಳು. “ನಮ್ಮನೇದರ ಥರಾನೇ?”

“ನಮ್ಮನೇದಾ?”

“ನೀವೇ ಹಾಕಿದ್ದಲ್ವಾ, ನಮ್ಮದೂ ಬಾಗಿಲಿಗೇ ಬರೋದು. ದಿನಾ ನೀವು ಸ್ನಾನ ಮಾಡಿ ಹೊರಟ ಮೇಲೆ ನಾನು ತಳ್ತೀನಲ್ಲ.” ದನಿಯಲ್ಲಿ ಕೊಂಕು ಹುಡುಕಿದ, ಇರಲಿಲ್ಲ. ಅನ್ನಿಸಿದ್ದನ್ನು ಹೇಳಿದ್ದಳು, ಅಷ್ಟೇ.

“ಒಂದು ದಿನಾನಾದ್ರೂ ಹೇಳ್ಬಾರ್ದಿತ್ತಾ?”

“ಹೇಳೋಣ ಅಂತಾನೇ ಇದ್ದೆ. ನೀವು ನಿಮ್ಮ ಕೆಲಸದ ಬಗ್ಗೆ ಅಷ್ಟು ಖುಷಿಯಾಗಿ ಮಾತಾಡ್ತಾ ಇರ್ತೀರಿ, ನಡುವೆ ಹೇಗೆ ಹೇಳೋದು? ಇರಲಿ ಬಿಡಿ. ಆ ಅಮ್ಮನ್ನ ಕರ್ಕೊಂಡು ಬನ್ನಿ. ನಾನು ಪಕ್ಕದಲ್ಲೇ ನಿಂತು ನೀರು ತಳ್ತಾ ಇರ್ತೀನಿ, ಜಾರೋಕೆ ಬಿಡಲ್ಲ. ನಂಗೆ ಅಭ್ಯಾಸ ಇದೆ.”

ಅವಳು ಫೋನ್ ಇಟ್ಟ ಮೇಲೂ ಮೇಸ್ತ್ರಿ ಅದನ್ನು ಕಿವಿಗೆ ಹಿಡಿದೇ ನಿಂತಿದ್ದ. ಕಾಲಡಿಯ ನೀರು ಕದಲದೆ ನಿಂತಿತ್ತು.

“ಏನಂದ್ರು?” ಎಂದು ಸಿಸ್ಟರ್ ಕೇಳಿದರು.

“ಬನ್ನಿ ಅಂದ್ಲು,” ಎಂದ. ಆಮೇಲೆ, ಹೇಳದೆ ಇರಲು ಇನ್ನು ಸಾಧ್ಯವೇ ಇಲ್ಲವೆಂಬಂತೆ, “ಅಲ್ಲೂ ನೀರು ನಿಲ್ಲುತ್ತಂತೆ,” ಎಂದ.